ಪಂಚಮಿಯ ಜೋಕಾಲಿ ಮತ್ತು ತಲೆಸುತ್ತಿನ ಚರಿತ್ರೆ

ಲೋಕಾಪುರಕ್ಕೆ ಕಡಲೂ ದೂರ, ಘಟ್ಟವೂ ದೂರ. ಬಾಗಲಕೋಟೆ, ಮುಧೋಳ, ಯರಗಟ್ಟಿ ಕಡೆಯ ದಾರಿಗಳು ಬಂದು ಕೂಡುವ ಈ ಊರಿನ ಸುತ್ತ ಇರುವುದು ಎರೆಹೊಲ, ಸುಣ್ಣದಕಲ್ಲಿನ ನೆಲ, ಘಟಪ್ರಭೆಯ ನೀರು ಹರಿದ ಕಡೆ ಕಬ್ಬು. ಹಡಗು ಹತ್ತಿ ವಾಂತಿ ಮಾಡಿಕೊಂಡವರ ಕಥೆ ಇಲ್ಲಿ ಹುಟ್ಟುವಂತಿಲ್ಲ. ಆದರೂ ಮೈ ತೂಗಿದಾಗ ತಲೆ ಗಿರ್ರೆನ್ನುವುದು, ಹೊಟ್ಟೆ ತೊಳಸುವುದು ಈ ಸೀಮೆಗೆ ಬಸ್ಸು ಬರುವ ಎಷ್ಟೋ ಮೊದಲೇ ಗೊತ್ತಿತ್ತು. ವರ್ಷಕ್ಕೊಮ್ಮೆ ಊರಿಗೆ ಊರೇ ಸೇರಿ ಅದನ್ನು ಬೇಕೆಂದೇ ಬರಮಾಡಿಕೊಳ್ಳುತ್ತಿತ್ತು. ಶ್ರಾವಣದ ನಾಗರಪಂಚಮಿ ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹಳ್ಳಿಗಳಲ್ಲಿ ಬೇವು, ಹುಣಸೆ, ಆಲದ ಗಟ್ಟಿ ಟೊಂಗೆಗೆ ಹಗ್ಗ ಬೀಳುತ್ತದೆ. ಹೊಲದ ಕೆಲಸದ ಮಿಣಿಯೇ ಅಂದು ಜೋಕಾಲಿಯ ಹಗ್ಗ. ತವರಿಗೆ ಬಂದ ಹೆಣ್ಣುಮಕ್ಕಳು ಶೇಂಗಾದುಂಡಿ, ಎಳ್ಳುಂಡಿ, ಅಳ್ಳಿಟ್ಟು ತಿಂದು ಮರದ ಕೆಳಗೆ ಸೇರುತ್ತಾರೆ. ಇಬ್ಬರು ಎದುರುಬದುರು ನಿಲ್ಲುತ್ತಾರೆ. ಒಬ್ಬಳು ಮೊಣಕಾಲು ಮಡಚಿ ಕುಗ್ಗಿದಾಗ ಇನ್ನೊಬ್ಬಳು ಸೆಟೆದು ನಿಲ್ಲುತ್ತಾಳೆ. ಹೀಗೆ ಜೀಕುತ್ತ ಹೋದಂತೆ ಹಲಗೆ ಟೊಂಗೆಯ ಎತ್ತರಕ್ಕೆ ಏರುತ್ತದೆ. ಗಂಡುಹುಡುಗರ ಪಣ ಬೇರೆ. ಇಷ್ಟು ಎಸೆತಕ್ಕೆ ನಿಂಬೆಹಣ್ಣು ಅಷ್ಟು ದೂರ ಮುಟ್ಟಿಸುತ್ತೇನೆಂದು ಒಬ್ಬ ಪಣ ಕಟ್ಟಿದರೆ, ಕೆಲವು ಊರುಗಳಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗುರಿಯತ್ತ ನೆಟ್ಟಗೆ ನಡೆಯುತ್ತೇನೆಂದು ಇನ್ನೊಬ್ಬ ಕಟ್ಟುತ್ತಾನೆ.

ಇಂದು ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ತಲೆಗೆ ಕಟ್ಟಿಕೊಂಡವರು ಕುಳಿತಲ್ಲೇ ಪರ್ವತ ಹಾರಿ, ಐದೇ ನಿಮಿಷದಲ್ಲಿ ಬೆವತು ವಾಕರಿಸುತ್ತಾರೆ. ಆಮೇಲೆ ಒಂದು ಆತಂಕ: ಇದು ಒಳಗೆ ಅಡಗಿರುವ ಯಾವುದೋ ರೋಗದ ಸೂಚನೆಯೇ? ಈ ಪ್ರಶ್ನೆಗೆ ಹೆಡ್‌ಸೆಟ್ ಒಂದನ್ನೇ ನೋಡಿದರೆ ಉತ್ತರ ಸಿಗುವುದಿಲ್ಲ, ಜೋಕಾಲಿಯ ಚರಿತ್ರೆಯನ್ನೂ ಜೊತೆಗಿಟ್ಟು ನೋಡಬೇಕು ಎಂಬುದು ನನ್ನ ವಾದ. ತೂಗಾಟಕ್ಕೆ ತಲೆ ಸುತ್ತುವುದು ರೋಗವಲ್ಲ. ಕಿವಿ, ಕಣ್ಣು, ಮಿದುಳು ಮೂರೂ ಕೆಲಸ ಮಾಡುತ್ತಿವೆ ಎಂಬುದಕ್ಕೆ ಅದೇ ಪುರಾವೆ. ರೋಗದ ಸುಳಿವು ಇರುವುದು ಬದಲಾವಣೆಯಲ್ಲಿ. ನಿನ್ನೆಯವರೆಗೆ ಆಗುತ್ತಿದ್ದದ್ದು ಇಂದು ಆಗದಿದ್ದರೆ, ಎಂದೂ ಆಗದವರಿಗೆ ಒಮ್ಮೆಲೇ ಶುರುವಾದರೆ, ಅಥವಾ ಎಲ್ಲರಿಗೂ ಸುತ್ತುವಾಗ ಒಬ್ಬರಿಗೆ ಮಾತ್ರ ಏನೂ ಅನ್ನಿಸದಿದ್ದರೆ ಅಲ್ಲಿ ಕೇಳಬೇಕಾದ ಪ್ರಶ್ನೆ ಇದೆ. ಆ ಬದಲಾವಣೆಯನ್ನು ಗುರುತಿಸಲು ಹಿಂದಿನ ಲೆಕ್ಕ ಬೇಕು. ಪಂಚಮಿಯ ಜೋಕಾಲಿ, ಯಾರೂ ಉದ್ದೇಶಿಸದೆಯೇ, ಆ ಲೆಕ್ಕವನ್ನು ಊರಿನ ನೆನಪಿನಲ್ಲಿ ಇಡುತ್ತಿತ್ತು.

ಜೋಕಾಲಿಗೆ ಹೊಟ್ಟೆ ತೊಳಸುವುದರ ಹಿಂದಿನ ಭೌತಶಾಸ್ತ್ರವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ತೂಗುವ ಹಗ್ಗದ ಲಯ ನಿರ್ಧಾರವಾಗುವುದು ಅದರ ಉದ್ದದಿಂದ, ಕುಳಿತವರ ತೂಕದಿಂದಲ್ಲ. ಪಡಸಾಲೆಯ ತೊಲೆಗೆ ಕಟ್ಟಿದ 6 ಅಡಿಯ ತೂಗುಮಣೆ ಹೋಗಿ ಬರಲು ಮೂರು ಸೆಕೆಂಡು ಸಹ ಬೇಕಾಗುವುದಿಲ್ಲ. ಹಳೆಯ ಹುಣಸೆಮರಕ್ಕೆ ಕಟ್ಟಿದ 20 ಅಡಿಯ ಮಿಣಿ ಒಂದು ಸಲ ಹೋಗಿ ಬರಲು ಸುಮಾರು ಐದು ಸೆಕೆಂಡು ತೆಗೆದುಕೊಳ್ಳುತ್ತದೆ. 1974ರಲ್ಲಿ ಓಹ್ಯಾನ್ಲನ್ ಮತ್ತು ಮೆಕಾಲೆ ಎಂಬ ಅಮೆರಿಕದ ಸಂಶೋಧಕರು ಜನರನ್ನು ಬೇರೆಬೇರೆ ವೇಗದಲ್ಲಿ ಮೇಲೆ ಕೆಳಗೆ ತೂಗಿ ನೋಡಿದರು. ಅತಿ ಹೆಚ್ಚು ಜನಕ್ಕೆ ವಾಂತಿ ಬಂದದ್ದು ಐದು ಸೆಕೆಂಡಿಗೊಮ್ಮೆ ಏರಿಳಿಯುವ ನಿಧಾನ ಲಯದ ಆಸುಪಾಸಿನಲ್ಲಿ. ಕಡಲ ಹಡಗಿನ ಲಯವೂ ಹೆಚ್ಚುಕಡಿಮೆ ಅದೇ. ಜೋಕಾಲಿ ಒಂದು ಸಲ ಹೋಗಿ ಬರುವಷ್ಟರಲ್ಲಿ ಎರಡು ಸಲ ಮೇಲೇರುತ್ತದೆ, ಆದ್ದರಿಂದ ಅದನ್ನು ಹಡಗಿಗೆ ಸರಿಸಮ ಎನ್ನುವಂತಿಲ್ಲ. ಆದರೂ ಅದು ಹೊಟ್ಟೆ ಕಲಕುವ ನಿಧಾನ ಚಲನೆಗಳ ಸಾಲಿಗೇ ಸೇರಿದ್ದು. ಚಕ್ಕಡಿಯ ಕುಲುಕಾಟ ಹಾಗಲ್ಲ. ಅದು ಸೆಕೆಂಡಿಗೆ ಹಲವು ಸಲ ಮೈಯನ್ನು ಎತ್ತಿ ಕುಕ್ಕುತ್ತದೆ, ಸೊಂಟ ನೋಯಿಸುತ್ತದೆ, ಆದರೆ ವಾಕರಿಕೆ ತರುವುದು ಕಡಿಮೆ. ತಲೆಮಾರುಗಳವರೆಗೆ ಚಕ್ಕಡಿಯಲ್ಲಿ ಜಾತ್ರೆಗೆ ಹೋಗಿಬಂದ ಜನ ಶ್ರೀಶೈಲಕ್ಕೆ ಪಾದಯಾತ್ರೆ ಮುಗಿಸಿ ವಾಹನದಲ್ಲಿ ನಲ್ಲಮಲ ಬೆಟ್ಟಗಳ ತಿರುವುಗಳನ್ನು ಇಳಿಯುವಾಗ ಮಾತ್ರ ಕಂಗೆಡುವುದು ಇದೇ ಕಾರಣಕ್ಕೆ. “ಅಕೀಗೆ ಬಸ್ ಆಗಿ ಬರಂಗಿಲ್ಲ” ಎಂಬ ಮಾತು ನಮ್ಮ ಆಡುನುಡಿಯಲ್ಲಿ ಬಸ್ಸಿನ ಕಾಲದ್ದು. ಅದಕ್ಕೂ ಮೊದಲು ಆ ಮಾತು ಅನ್ವಯಿಸಬಹುದಾಗಿದ್ದದ್ದು ಜೋಕಾಲಿಗೆ.

ಹಿರಿಯರು ಈ ವಾಕರಿಕೆಯನ್ನು ಸುಮ್ಮನೆ ಬಿಡುತ್ತಿರಲಿಲ್ಲ, ಓದುತ್ತಿದ್ದರು. ತವರಿಗೆ ಬಂದ ಹೊಸ ಮದುಮಗಳು ಜೋಕಾಲಿ ಬೇಡವೆಂದು ಹಿಂದೆ ಸರಿದರೆ ಮೊದಲ ಸಂಶಯ ಬಸಿರಿನದು. ಅದಲ್ಲವಾದರೆ ಪಿತ್ತ. ಅದೂ ಅಲ್ಲವೆನಿಸಿದರೆ ದೃಷ್ಟಿ, ಗಾಳಿ ಸೋಕು. ಈ ಮೂರರಲ್ಲಿ ಪಿತ್ತದ ವಿವರಣೆಗೆ ಶಾಸ್ತ್ರದ ಬೆಂಬಲವಿದೆ. ಆಯುರ್ವೇದದ ಮಾಧವನಿದಾನ ತಲೆಸುತ್ತನ್ನು ಭ್ರಮ ಎಂದು ಕರೆದು ಪಿತ್ತ, ವಾತ, ರಜೋಗುಣಗಳಿಂದ ಹುಟ್ಟುವುದೆಂದು ಹೇಳುತ್ತದೆ. ನಿಂಬೆಹಣ್ಣು ಮೂಸುವುದು, ಶುಂಠಿ ಚೂರು ಬಾಯಲ್ಲಿಡುವುದು, ಜೀರಿಗೆ ನೀರು ಕುಡಿಯುವುದು ಈ ತಿಳಿವಳಿಕೆಯಿಂದ ಬಂದ ಮನೆಮದ್ದುಗಳು. ಶುಂಠಿಗಂತೂ ವಾಕರಿಕೆಯನ್ನು ಸ್ವಲ್ಪ ತಗ್ಗಿಸುವ ಗುಣವಿದೆ. ಅದೇ ಆಯುರ್ವೇದ ಪ್ರಕೃತಿ ಮತ್ತು ವಿಕೃತಿ ಎಂಬ ಭೇದವನ್ನೂ ಮಾಡಿದೆ. ಹುಟ್ಟಿನಿಂದ ಬಂದ ದೇಹಸ್ವಭಾವ ಒಂದು, ಅದರಿಂದ ಈಚೆಗೆ ಆದ ಪಲ್ಲಟ ಇನ್ನೊಂದು. ಈ ಭೇದ ಮನೆಮನೆಯ ಪಿತ್ತದ ಮಾತಿನಲ್ಲಿ ಉಳಿಯದೇ ಹೋಯಿತು. ನಲವತ್ತು ವರ್ಷ ಜೀಕಿದವಳಿಗೆ ಈ ವರ್ಷ ತಲೆ ಸುತ್ತಿದರೂ ಪಿತ್ತ, ಎಳವೆಯಿಂದ ಸುತ್ತುತ್ತಿದ್ದವಳಿಗೂ ಪಿತ್ತ ಎಂದಾದಾಗ ಊರಿನ ನೆನಪಿನಲ್ಲಿದ್ದ ಬೆಲೆಯುಳ್ಳ ಮಾಹಿತಿ ವ್ಯರ್ಥವಾಯಿತು. ದೋಷ ಶಾಸ್ತ್ರದ್ದಲ್ಲ, ಅದರ ಅರ್ಧವನ್ನಷ್ಟೇ ಬಳಸಿದ ರೂಢಿಯದು.

ಯುರೋಪಿನ ವೈದ್ಯರೂ ಬಹುಕಾಲ ಹೀಗೇ ದಾರಿ ತಪ್ಪಿದ್ದರು. ಒಮ್ಮೆಲೇ ತಲೆ ಸುತ್ತಿ ಬಿದ್ದವರ ಮಿದುಳಿಗೆ ರಕ್ತ ನುಗ್ಗಿದೆ ಎಂದು ಭಾವಿಸಿ ರಕ್ತ ತೆಗೆಯುತ್ತಿದ್ದರು, ಜಿಗಣೆ ಹಚ್ಚುತ್ತಿದ್ದರು. ಪ್ಯಾರಿಸ್ಸಿನ ಕಿವುಡ-ಮೂಗರ ಸಂಸ್ಥೆಯ ವೈದ್ಯ ಪ್ರಾಸ್ಪರ್ ಮೆನಿಯೇರ್ 1861ರಲ್ಲಿ, ಕಿವಿ ಮೊರೆತ ಮತ್ತು ಕೇಳಿಸದಿರುವುದರ ಜೊತೆಗೆ ಬರುವ ಸುತ್ತಿನ ಮೂಲ ಒಳಗಿವಿಯಲ್ಲಿದೆ ಎಂದು ವಾದಿಸಿದ. 1870ರ ದಶಕದಲ್ಲಿ ಮಾಖ್, ಬ್ರಾಯರ್, ಕ್ರಮ್ ಬ್ರೌನ್ ಎಂಬ ಮೂವರು ಬೇರೆಬೇರೆಯಾಗಿ ಅದರ ಯಂತ್ರವನ್ನು ಬಿಡಿಸಿಟ್ಟರು. ಪ್ರತಿ ಕಿವಿಯೊಳಗೂ ಮೂರು ಅರ್ಧವೃತ್ತದ ನಾಳಗಳಿವೆ, ಅವುಗಳಲ್ಲಿ ದ್ರವವಿದೆ. ತಲೆ ತಿರುಗಿದಾಗ ದ್ರವ ಜಡತೆಯಿಂದ ಹಿಂದೆ ಉಳಿದು ಅಲ್ಲಿನ ಸೂಕ್ಷ್ಮ ಕೂದಲುಗಳನ್ನು ಬಾಗಿಸುತ್ತದೆ. ಮಿದುಳಿಗೆ ತಿರುಗುವಿಕೆಯ ಸುದ್ದಿ ಮುಟ್ಟುವುದು ಹಾಗೆ. ಕಿವಿಗೆ ಬಿಸಿನೀರು, ತಣ್ಣೀರು ಹಾಯಿಸಿ ಈ ನಾಳಗಳ ಆರೋಗ್ಯ ಪರೀಕ್ಷಿಸುವ ವಿಧಾನವನ್ನು ವಿಯೆನ್ನಾದ ರಾಬರ್ಟ್ ಬಾರಾನಿ ರೂಪಿಸಿದ. 1914ರ ನೊಬೆಲ್ ಪ್ರಶಸ್ತಿ ಅವನಿಗೆ ಸಂದಾಗ ಅವನು ರಷ್ಯದ ಸೆರೆಯಲ್ಲಿ ಯುದ್ಧಕೈದಿಯಾಗಿದ್ದ.

ನನ್ನ ವಾದಕ್ಕೆ ಎಲ್ಲಕ್ಕಿಂತ ಗಟ್ಟಿ ಆಧಾರ ಇನ್ನೊಂದು ಕಡೆಯಿಂದ ಬರುತ್ತದೆ. ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ ಕಿವುಡ-ಮೂಗರನ್ನು ಗಿರಗಿರನೆ ತಿರುಗಿಸಿ ತಲೆ ಸುತ್ತುತ್ತದೆಯೇ ಎಂದು ಕೇಳಿ ಲೆಕ್ಕ ಸಂಗ್ರಹಿಸಿದ. 1882ರಲ್ಲಿ ಅದನ್ನು ಪ್ರಕಟಿಸಿದ. 519 ಜನರಲ್ಲಿ 186 ಮಂದಿಗೆ ಸುತ್ತು ಬರಲೇ ಇಲ್ಲ, ಇನ್ನೂ 134 ಮಂದಿಗೆ ಬಂದದ್ದು ಅತಿ ಅಲ್ಪ. ಹೋಲಿಕೆಗೆಂದು ಹಾರ್ವರ್ಡ್‌ನಲ್ಲಿ ಪರೀಕ್ಷಿಸಿದ ಸುಮಾರು 200 ಜನರಲ್ಲಿ ಸುತ್ತು ಬಾರದವನು ಒಬ್ಬನೇ. ಸುಮಾರು ಮುಕ್ಕಾಲು ಶತಮಾನದ ನಂತರ, 1950ರ ದಶಕದ ಕೊನೆಯಲ್ಲಿ, ಅಮೆರಿಕದ ನೌಕಾಪಡೆ ಬಾಹ್ಯಾಕಾಶ ಯಾನದ ತಯಾರಿಗಾಗಿ ಗ್ಯಾಲಡೆಟ್ ಕಾಲೇಜಿನ 11 ಮಂದಿ ಕಿವುಡರನ್ನು ಪರೀಕ್ಷೆಗೆ ಆರಿಸಿತು. ಅವರಲ್ಲಿ ಹತ್ತು ಮಂದಿಗೆ ಎಳವೆಯಲ್ಲಿ ಬಂದ ಮಿದುಳುಪೊರೆಯ ಉರಿಯೂತ ಒಳಗಿವಿಯನ್ನು ಹಾಳುಮಾಡಿತ್ತು. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಸಂಶೋಧಕರು ವಾಂತಿ ಮಾಡಿಕೊಂಡು ಮಲಗಿದ್ದಾಗ ಇವರು ಕುಳಿತು ಇಸ್ಪೀಟು ಆಡಿದರು. ಅಂದು ಆ ಹಡಗಿನಲ್ಲಿ ಒಳಗಿವಿ ನೆಟ್ಟಗಿದ್ದವರು ವಾಂತಿ ಮಾಡಿಕೊಂಡವರೇ. ಬಾಹ್ಯಾಕಾಶದ ಅನುಭವವೂ ಇದನ್ನೇ ಹೇಳುತ್ತದೆ. ಕಠಿಣ ಪರೀಕ್ಷೆಗಳಲ್ಲಿ ಗೆದ್ದು ಬಂದ ಗಗನಯಾನಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೊದಲ ದಿನಗಳಲ್ಲಿ ವಾಕರಿಕೆ ಬರುತ್ತದೆ. ಪರೀಕ್ಷೆಗಳಿಗೆ ಸಿಗದ ಯಾವುದೋ ರೋಗ ಅವರೆಲ್ಲರಲ್ಲೂ ಅಡಗಿತ್ತೆಂದು ಹೇಳುವುದು ಸಾಧ್ಯವಿಲ್ಲ.

ಒಳಗಿವಿ ಪೂರ್ತಿ ಹೋದರೆ ಏನಾಗುತ್ತದೆ ಎಂಬುದಕ್ಕೆ 1952ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಬ್ಬ ವೈದ್ಯ ತನ್ನ ಬಗ್ಗೆಯೇ ಬರೆದ ಲೇಖನವಿದೆ. ಕ್ಷಯಕ್ಕೆ ಕೊಟ್ಟ ಸ್ಟ್ರೆಪ್ಟೊಮೈಸಿನ್ ಅವನ ಎರಡೂ ಕಿವಿಗಳ ಸಮತೋಲದ ಅಂಗಗಳನ್ನು ಕೊಂದಿತ್ತು. ಹಾಸಿಗೆಯಲ್ಲಿ ಕೂತು ಓದುವಾಗ ನಾಡಿ ಮಿಡಿತಕ್ಕೇ ಅಕ್ಷರಗಳು ಕುಣಿಯುತ್ತಿದ್ದವು. ಮಂಚದ ಕಬ್ಬಿಣದ ಸರಳುಗಳ ನಡುವೆ ತಲೆ ಆನಿಸಿ ಅಲುಗದಂತೆ ಹಿಡಿದರೆ ಮಾತ್ರ ಓದು ಸಾಧ್ಯ. ನಡೆಯುತ್ತ ಎದುರಿನವರ ಮುಖ ಗುರುತಿಸಲು ಆಗುತ್ತಿರಲಿಲ್ಲ, ನಿಲ್ಲಬೇಕಿತ್ತು. ಬೆಳಕಿನಲ್ಲಿ ಕಣ್ಣು, ಕಾಲುಗಳ ಅರಿವು ಸೇರಿ ಹೇಗೋ ದಡ ಮುಟ್ಟಿಸುತ್ತವೆ. ಕತ್ತಲಾದರೆ ಕಾಲು ತಪ್ಪುತ್ತದೆ. ಬರ್ಲಿನ್ನಿನ ಮೊರಿಟ್ಜ್ ರಾಂಬರ್ಗ್ 19ನೇ ಶತಮಾನದ ನಡುವಿನಲ್ಲಿ ಪಾದ ಜೋಡಿಸಿ ಕಣ್ಣು ಮುಚ್ಚಿ ನಿಲ್ಲಿಸುವ ಪರೀಕ್ಷೆಯನ್ನು ಬಳಕೆಗೆ ತಂದದ್ದು ಕಾಲಿನ ಅರಿವು ಕಳೆದುಕೊಂಡ ರೋಗಿಗಳನ್ನು ಗುರುತಿಸಲು. ಆಮೇಲೆ ಕಿವಿಯ ವೈದ್ಯರೂ ಅದನ್ನು ತಮ್ಮದಾಗಿಸಿಕೊಂಡರು. ಪಂಚಮಿಯ ದಿನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆಯುವ ಪಣದಲ್ಲಿ ಒಬ್ಬ ಹುಡುಗ ಪ್ರತಿ ಸಲ ಒಂದೇ ಮಗ್ಗುಲಿಗೆ ವಾಲಿ ಹೋಗುತ್ತಿದ್ದರೆ, ನೋಡುವ ಕಣ್ಣಿದ್ದವರಿಗೆ ಅಲ್ಲಿ ಒಂದು ಸುಳಿವು ಇತ್ತು.

ಹೆಡ್‌ಸೆಟ್ಟಿನ ವಾಕರಿಕೆಯೂ ಹೊಸದಲ್ಲ, ಅದರ ಪೂರ್ವಜ ಒಂದು ಜೋಕಾಲಿಯೇ. 1894ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವಸ್ತುಪ್ರದರ್ಶನದಲ್ಲಿ ಮಾಯಾಜೋಕಾಲಿ ಎಂಬ ಆಟವೊಂದು ಇತ್ತು. ಕೋಣೆಯ ನಡುವೆ ತೂಗುಬಿದ್ದ ದೊಡ್ಡ ಆಸನದಲ್ಲಿ ಜನ ಕೂರುತ್ತಿದ್ದರು. ಜೋಕಾಲಿ ಏರಿ ಏರಿ ಕೊನೆಗೆ ಪೂರ್ತಿ ಸುತ್ತು ಹಾಕಿದಂತೆ ಭಾಸವಾಗುತ್ತಿತ್ತು. ನಿಜವಾಗಿ ಆಸನ ಅಲುಗುತ್ತಿದ್ದದ್ದು ಅತಿ ಕಡಿಮೆ. ಮೇಜು, ದೀಪ, ಪೀಠೋಪಕರಣಗಳನ್ನು ಬಿಗಿದಿಟ್ಟ ಕೋಣೆಯೇ ಸುತ್ತುತ್ತಿತ್ತು. ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ ಇದನ್ನು 1895ರಲ್ಲಿ ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ವರ್ಣಿಸಿದ. ಮೈ ಅಷ್ಟಾಗಿ ಅಲುಗದಿದ್ದರೂ ಕೂತವರಲ್ಲಿ ಕೆಲವರಿಗೆ ಹೊಟ್ಟೆ ಕೆಟ್ಟಿತ್ತು. 1957ರಲ್ಲಿ ಹೆಲಿಕಾಪ್ಟರ್ ತರಬೇತಿಯ ಸಿಮ್ಯುಲೇಟರ್‌ನಲ್ಲೂ ಇದೇ ತೊಂದರೆ ದಾಖಲಾಯಿತು. ಕಣ್ಣು ಹೋದೆ ಎನ್ನುತ್ತದೆ, ಕಿವಿ ಇಲ್ಲೇ ಇದ್ದೇನೆ ಎನ್ನುತ್ತದೆ. ಈ ಜಗಳ ಮಿದುಳಿಗೆ ಬಗೆಹರಿಯದಿದ್ದಾಗ ವಾಕರಿಕೆ ಹುಟ್ಟುತ್ತದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಇಂಥ ಗೊಂದಲವನ್ನು ದೇಹ ವಿಷ ತಿಂದ ಲಕ್ಷಣವೆಂದು ಬಗೆದು ಹೊಟ್ಟೆ ಖಾಲಿ ಮಾಡುತ್ತದೆ ಎಂದು ಟ್ರೈಸ್ಮನ್ ಎಂಬ ಸಂಶೋಧಕ 1977ರಲ್ಲಿ ಊಹಿಸಿದ. ಊಹೆ ಆಕರ್ಷಕವಾಗಿದೆ, ಸಾಬೀತಾಗಿಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಹೆಡ್‌ಸೆಟ್ಟಿನ ವಾಕರಿಕೆಗೆ ಯಂತ್ರವೇ ಕಾರಣವಿರುವಾಗ ಅದರಲ್ಲಿ ಆರೋಗ್ಯದ ಸುಳಿವು ಹುಡುಕುವುದೇಕೆ? ಆಕ್ಷೇಪದಲ್ಲಿ ಸತ್ಯವಿದೆ. ತಲೆ ತಿರುಗಿಸಿದ ಮೇಲೆ ಚಿತ್ರ ತಡವಾಗಿ ತಿರುಗಿದರೆ, ಎರಡು ಕಣ್ಣುಗಳ ನಡುವಿನ ಅಂತರಕ್ಕೆ ಮಸೂರ ಹೊಂದದಿದ್ದರೆ, ಅತಿ ಆರೋಗ್ಯವಂತರಿಗೂ ತಲೆ ನೋಯುತ್ತದೆ. ಆದ್ದರಿಂದ ಮೊದಲ ಸಲ ಹೆಡ್‌ಸೆಟ್ ಹಾಕಿ ವಾಕರಿಸಿದವರು ಆಸ್ಪತ್ರೆಗೆ ಓಡಬೇಕಿಲ್ಲ. ನನ್ನ ಮಾತು ಅನ್ವಯಿಸುವುದು ಅದೇ ಯಂತ್ರ, ಅದೇ ಆಟ, ಅದೇ ಕಣ್ಣಿಗೆ ಪರಿಣಾಮ ಬೇರೆಯಾದಾಗ. ಎರಡನೆಯ ಆಕ್ಷೇಪ ವೈದ್ಯರದು: ಇಷ್ಟು ಸಾಮಾನ್ಯವಾದ ಲಕ್ಷಣವನ್ನು ಸೂಚನೆ ಎಂದರೆ ಊರೆಲ್ಲ ರೋಗಿಗಳಾದಾರು. ಇದಕ್ಕೆ ಉತ್ತರ, ಜೊತೆಗೆ ಬರುವುದನ್ನು ನೋಡಿ ಎಂಬುದು. ಎಳವೆಯಿಂದ ಬಸ್ಸು, ಜೋಕಾಲಿ ಆಗದವರಲ್ಲಿ ಮೈಗ್ರೇನ್, ಅಂದರೆ ಅರೆತಲೆನೋವು, ಹೆಚ್ಚು. ತಲೆನೋವೇ ಇಲ್ಲದೆ ಸುತ್ತು ಮಾತ್ರವಾಗಿಯೂ ಮೈಗ್ರೇನ್ ಬರಬಹುದು, ಅದನ್ನು ಗುರುತಿಸುವ ಅಂತರರಾಷ್ಟ್ರೀಯ ಮಾನದಂಡ 2012ರಲ್ಲಿ ಬಂತು. ಒಂದೇ ಕಿವಿಯ ಮೊರೆತ, ಮಂದ ಕೇಳಿಕೆ ಜೊತೆಗಿದ್ದರೆ ಮೆನಿಯೇರನ ರೋಗ ನೆನಪಾಗಬೇಕು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಅರೆನಿಮಿಷ ಮನೆಯೇ ತಿರುಗಿದಂತಾದರೆ ಒಳಗಿವಿಯ ಸುಣ್ಣದ ಹರಳು ನಾಳಕ್ಕೆ ಜಾರಿರಬಹುದು, ತಲೆಯನ್ನು ಕ್ರಮವಾಗಿ ಹೊರಳಿಸಿ ಅದನ್ನು ವಾಪಸು ಕೂರಿಸುವುದು ಕೆಲವು ನಿಮಿಷಗಳ ಕೆಲಸ. ತಲೆಗೆ ಪೆಟ್ಟು ಬಿದ್ದ ಮೇಲೆ ಪರದೆಯ ಚಲನೆ ಸಹಿಸದಾದರೆ ಆ ಪೆಟ್ಟಿನ ಪರಿಣಾಮ ಇನ್ನೂ ಇಳಿದಿಲ್ಲ. ಎದ್ದು ನಿಂತಾಗ ಕಣ್ಣಿಗೆ ಕತ್ತಲು ಕವಿಯುವುದು ಬೇರೆಯೇ, ಅದು ರಕ್ತಹೀನತೆ ಅಥವಾ ರಕ್ತದೊತ್ತಡದ ಮಾತು. ಸುತ್ತಿನ ಜೊತೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ ಅದು ಮಿದುಳಿನ ತುರ್ತು. ಆಗ ನಿಂಬೆಹಣ್ಣು ಮೂಸುತ್ತ ಕೂರದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಮೂರನೆಯ ಆಕ್ಷೇಪ ಚರಿತ್ರೆಯನ್ನು ಬರೆಯುವವರಿಂದ ಬರಬಹುದು. ಹಬ್ಬದ ಆಟವನ್ನು ವೈದ್ಯಪರೀಕ್ಷೆ ಎನ್ನುವುದು ಹಿಂದಿನವರ ಮೇಲೆ ಇಂದಿನ ಜ್ಞಾನವನ್ನು ಹೇರಿದಂತಲ್ಲವೇ? ನಾನು ಹಾಗೆ ಹೇರುತ್ತಿಲ್ಲ. ಜೋಕಾಲಿ ಕಟ್ಟಿದವರಿಗೆ ಬೇಕಿದ್ದದ್ದು ಸಂತೋಷ. ಮದುವೆಯಾಗಿ ಹೋದ ಮಗಳು ಒಂದು ದಿನವಾದರೂ ಕೆಲಸವಿಲ್ಲದೆ ನಗಲಿ ಎಂಬುದಷ್ಟೇ. ಆದರೆ ಒಂದು ರೂಢಿಯ ಉದ್ದೇಶ ಒಂದಿರುತ್ತದೆ, ಅದರಿಂದ ಒದಗುವ ಮಾಹಿತಿ ಇನ್ನೊಂದಿರುತ್ತದೆ. ಅದೇ ಮರ, ಅಷ್ಟೇ ಉದ್ದದ ಹಗ್ಗ, ಅದೇ ತಿಂಗಳು, ನೋಡುವವರೂ ಅವರೇ. ಪ್ರಯೋಗಶಾಲೆಯವರು ಕಷ್ಟಪಟ್ಟು ಹೊಂದಿಸುವ ಸ್ಥಿತಿಗಳಿವು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ, ಕೆನಡಾಗಳ ಸೇನಾ ವೈದ್ಯರು ಯಾರಿಗೆ ವಿಮಾನ, ಹಡಗು ಆಗಿ ಬರುವುದಿಲ್ಲ ಎಂದು ತಿಳಿಯಲು ಸೈನಿಕರನ್ನು ದೊಡ್ಡ ಜೋಕಾಲಿಗಳಲ್ಲಿ ತೂಗಿಯೇ ನೋಡಿದರು. ಅವರಲ್ಲಿ ಕಾಗದ ಪೆನ್ಸಿಲ್ ಇತ್ತು. ನಮ್ಮ ಮರದ ಕೆಳಗೆ ಇದ್ದದ್ದು ಅತ್ತೆ, ಅವ್ವ, ಅಕ್ಕಂದಿರ ನೆನಪು. “ಹ್ವಾದ ವರ್ಷ ಟೊಂಗಿ ಮುಟ್ಟಿ ಬಂದಾಕಿ, ಈ ವರ್ಷ ಯಾಕ ಒಲ್ಲೆ ಅಂತಿ?” ಎಂದು ಕೇಳುವವರಿದ್ದರು. ಆ ಪ್ರಶ್ನೆ ವೈದ್ಯರದಾಗಿರಲಿಲ್ಲ, ಅದಕ್ಕೆ ಸಿಗುತ್ತಿದ್ದ ಉತ್ತರ ಎಷ್ಟೋ ಸಲ ತಪ್ಪಾಗಿರುತ್ತಿತ್ತು. ಆದರೂ ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು. ಇಂದು ಕೋಣೆಯಲ್ಲಿ ಒಬ್ಬನೇ ಹೆಡ್‌ಸೆಟ್ ಹಾಕಿಕೊಂಡ ಹುಡುಗನಿಗೆ ಯಂತ್ರ ಎಷ್ಟು ಚೆನ್ನಾಗಿದ್ದರೂ ಆ ಪ್ರಶ್ನೆ ಕೇಳುವವರಿಲ್ಲ. ವಾಕರಿಕೆ ಬಂದರೆ ಪೆಟ್ಟಿಗೆ ಮೂಲೆ ಸೇರುತ್ತದೆ.

ಲೆಕ್ಕ ಇಡುವ ಪದ್ಧತಿ ನಮ್ಮ ನಾಡಿನಲ್ಲಿ ಇಲ್ಲವೆಂದಲ್ಲ. ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ 1957ರಿಂದ ಇದೆ. ಭಾರತದ ಮಾನವಸಹಿತ ಬಾಹ್ಯಾಕಾಶ ಯೋಜನೆಯಾದ ಗಗನಯಾನದ ಅಭ್ಯರ್ಥಿಗಳ ವೈದ್ಯಕೀಯ ಆಯ್ಕೆ 2019ರಲ್ಲಿ ನಡೆದದ್ದೂ ಅಲ್ಲೇ. ಹಾರಾಟದಲ್ಲಿ ವಾಕರಿಸುವ ಪೈಲಟ್‌ಗಳನ್ನು ಒಮ್ಮೆಗೇ ಅನರ್ಹರೆನ್ನದೆ, ಮೊದಲು ರೋಗವಿದೆಯೇ ಎಂದು ನೋಡಿ, ಇಲ್ಲವೆಂದಾದರೆ ಚಲನೆಗೆ ಹಂತಹಂತವಾಗಿ ಒಗ್ಗಿಸುವುದು ವಿಮಾನ ವೈದ್ಯದ ರೀತಿ. ಸಾಮಾನ್ಯ ರೋಗಿಗಳಿಗೂ ಇಂಥ ಕ್ರಮ 1940ರ ದಶಕದಲ್ಲೇ ಸಿದ್ಧವಾಯಿತು. ಯುದ್ಧಕಾಲದ ಇಂಗ್ಲೆಂಡಿನಲ್ಲಿ ಕಾಥಾರ್ನ್ ಮತ್ತು ಕುಕ್ಸಿ ಎಂಬ ವೈದ್ಯರು ತಲೆಗೆ ಗಾಯವಾದವರಿಗೆ, ಒಳಗಿವಿ ಕೆಟ್ಟವರಿಗೆ ವ್ಯಾಯಾಮಗಳನ್ನು ರೂಪಿಸಿದರು. ಸುತ್ತು ಬರುತ್ತದೆಂದು ಅಲುಗದೆ ಮಲಗಿದರೆ ಮಿದುಳು ಹೊಸ ಲೆಕ್ಕ ಕಲಿಯುವುದಿಲ್ಲ, ಸ್ವಲ್ಪ ಸ್ವಲ್ಪ ಸುತ್ತು ಬರಿಸುತ್ತಲೇ ಕಲಿಸಬೇಕು ಎಂಬುದು ಅವರ ಕಾಣ್ಕೆ. ಚೆಂಡನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆ ಕೈಯಿಂದ ಕೈಗೆ ಎಸೆಯುವುದು, ಕುಳಿತು ಏಳುವುದು, ಕಣ್ಣು ತೆರೆದು ಒಮ್ಮೆ ಮುಚ್ಚಿ ಒಮ್ಮೆ ಕೋಣೆ ದಾಟುವುದು, ಬಾಗಿ ಗುರಿಯಿಟ್ಟು ಎಸೆಯುವ ಆಟಗಳು ಆ ಪಟ್ಟಿಯಲ್ಲಿವೆ. ಬಾಗುವುದು, ಏಳುವುದು, ಎಸೆಯುವುದು, ಕಣ್ಣು ಕಟ್ಟಿ ನಡೆಯುವುದು ಪಂಚಮಿಯ ಬಯಲಿನಲ್ಲೂ ಇದ್ದವು. ಈಗ ಅದೇ ವ್ಯಾಯಾಮವನ್ನು ಹೆಡ್‌ಸೆಟ್ ತೊಡಿಸಿ ಮಾಡಿಸುವ ಚಿಕಿತ್ಸೆಯೂ ಬಂದಿದೆ. ಚಲಿಸುವ ದೃಶ್ಯವನ್ನು ಮೊದಲ ದಿನ ಒಂದೆರಡು ನಿಮಿಷ ತೋರಿಸುತ್ತಾರೆ, ವಾಕರಿಕೆ ಎಷ್ಟೆಂದು ಬರೆದಿಡುತ್ತಾರೆ, ಮರುದಿನದ ಹೊತ್ತನ್ನು ಆ ಬರಹ ನೋಡಿ ನಿರ್ಧರಿಸುತ್ತಾರೆ.